ಭರ್ರಣ್ಣನ ಬೆಂಕಿಕೋಲು

ಅವನಿಗೆ ಹೆತ್ತವರು ಇಟ್ಟ ಹೆಸರೊಂದು ಇದ್ದೇ ಇತ್ತು. ಆ ಹೆಸರು ಹಿಡಿದು ಕರೆಯುವವರು ಮಾತ್ರ ಯಾರೂ ಉಳಿದಿರಲಿಲ್ಲ. ಬೀದಿಗೆಲ್ಲ ಅವನು ಭರ್ರಣ್ಣ. ಪಂಪು ಹೊಡೆದು ಹಚ್ಚುವ ಸೀಮೆಎಣ್ಣೆ ಸ್ಟೌಗಳ ರಿಪೇರಿ ಅವನ ಕಸುಬು. ರಿಪೇರಿ ಮುಗಿಯುತ್ತಿದ್ದಂತೆ ಸ್ಟೌ ಹಚ್ಚಿ, ತಲೆ ವಾಲಿಸಿ, ಎಡಗಿವಿಯನ್ನು ಉರಿಯ ಹತ್ತಿರಕ್ಕೆ ತಂದು ಕಣ್ಣು ಮುಚ್ಚಿ ಆಲಿಸುವನು. ಉರಿ ನೀಲಿಯೋ ಹಳದಿಯೋ ಎಂದು ಬಗ್ಗಿ ನೋಡುವುದೆಲ್ಲ ಹೊಸಬರ ಕೆಲಸ ಎಂಬುದು ಅವನ ವಾದ. "ಭರ್ರ್ ಅನ್ನಬೇಕು ಕಣಯ್ಯಾ! ಭರ್ರ್ ಅಂದ್ರೆ ಸ್ಟೌ, ಇಲ್ಲಾಂದ್ರೆ ಬರೀ ಡಬ್ಬ" ಎಂದು ಗಿರಾಕಿಯ ಬೆನ್ನು ತಟ್ಟಿ ಕಳಿಸುವನು.

ಸದ್ದು ಮಾಡದ ಜಾತಿಯ ಸ್ಟೌಗಳೂ ಇದ್ದವು. ಅವುಗಳ ಬರ್ನರ್ ಮೇಲೆ ತೂತುತೂತಿನ ಒಂದು ಟೋಪಿ ಕೂತು, ಉರಿಯನ್ನು ತಣ್ಣಗೆ ಹರಡುತ್ತಿತ್ತು. ಭರ್ರಣ್ಣನಿಗೆ ಅವನ್ನು ಕಂಡರಾಗದು. ಮೂಗಿಗಳು ಎಂದು ಹೀಯಾಳಿಸುವನು. ಬದುಕಿದೆಯೋ ಸತ್ತಿದೆಯೋ ಗೊತ್ತಾಗದ ಒಲೆ ಯಾತಕ್ಕಪ್ಪಾ ಎಂದು ಗಿರಾಕಿಗಳನ್ನು ಪುಸಲಾಯಿಸಿ ಟೋಪಿ ಕಳಚಿಸಿ, ಸದ್ದಿನ ಬರ್ನರ್ ಹಾಕಿಕೊಡುವನು. ಕಳಚಿದ ಟೋಪಿಗಳೆಲ್ಲ ಒಂದು ಬಿಸ್ಕತ್ತಿನ ಡಬ್ಬಿ ಸೇರಿ ಬೆಂಚಿನಡಿಯಲ್ಲಿ ಧೂಳು ತಿನ್ನುತ್ತಿದ್ದವು.

ಮನೆಮನೆಗೂ ಗ್ಯಾಸ್ ಬಂದು ಕೂತ ಮೇಲೆ ಅಂಗಡಿಯಲ್ಲಿ ನೊಣ ಹೊಡೆಯುವ ಕೆಲಸವೊಂದೇ ಉಳಿಯಿತು. ಕೂತಲ್ಲಿ ಕೂರುವ ಜಾಯಮಾನವೇ ಅವನ? ಎದ್ದ, ಕೂತ, ಬಾಗಿಲಿಗೆ ಬಂದ, ಮತ್ತೆ ಒಳಗೆ ಹೋದ. ಸರಿಯಾಗಿದ್ದ ನಲ್ಲಿಯನ್ನು ಬಿಚ್ಚಿ ಸೋರುವಂತೆ ಮಾಡಿದ. ಹೆಂಡತಿಯ ಹೊಲಿಗೆ ಮಿಷನ್ ಮೊದಲಿನಂತೆ ಸದ್ದು ಮಾಡುತ್ತಿಲ್ಲ ಎಂದು ಅದನ್ನೂ ಬಿಚ್ಚಿಟ್ಟ. ಮತ್ತೆ ಜೋಡಿಸಿದಾಗ ಕೈಯಲ್ಲಿ ಎರಡು ಸ್ಕ್ರೂ ಮಿಕ್ಕಿದ್ದವು. "ಇನ್ನೊಂದ್ಸಲ ನನ್ನ ಮಿಷನ್ ಮುಟ್ಟಿ ನೋಡಿ, ನಿಮ್ಮ ಕೈಯನ್ನೇ ಸೇರಿಸಿ ಹೊಲಿದುಬಿಡ್ತೀನಿ" ಎಂದು ಅವಳು ಕಿರುಚಿದಳು.

ಕಿರುಚಿದಳು ಎಂದರೆ ಕೋಪದಿಂದಲೇ ಅಂದುಕೊಳ್ಳಬೇಡಿ. ಆ ಮನೆಯಲ್ಲಿ ಉಪ್ಪು ಕೊಡು ಎನ್ನುವುದನ್ನೂ ಕಿರುಚಿಯೇ ಹೇಳುತ್ತಿದ್ದರು. ಹೊಸಬರು ಬಂದರೆ ಒಳಗೆ ಜಗಳ ನಡೆದಿದೆ ಎಂದು ಹೊಸ್ತಿಲಲ್ಲೇ ನಿಂತುಬಿಡುತ್ತಿದ್ದರು. ಹೀಗೇಕೆ ಎಂಬುದನ್ನು ಅವನ ಮುಖಕ್ಕೆ ಹೇಳುವ ಧೈರ್ಯ ಮಾತ್ರ ಯಾರಿಗೂ ಇರಲಿಲ್ಲ. ಭರ್ರಣ್ಣನನ್ನು ಕೇಳಿದರೆ, ಈಗಿನ ಜನ ಬಾಯಿ ಬಿಟ್ಟು ಮಾತಾಡುವುದನ್ನೇ ಮರೆತಿದ್ದಾರೆ, ಅಷ್ಟೆ.

ಇದ್ದೊಬ್ಬಳು ಮಗಳೂ ಅಪ್ಪನ ಪಡಿಯಚ್ಚು. ಕೂತು ಮಾಡುವ ಯಾವ ಕೆಲಸವೂ ಅವಳಿಗೆ ಹಿಡಿಸಲಿಲ್ಲ. ಬಟ್ಟೆ ಅಂಗಡಿಯ ಗಲ್ಲಾ ಬಿಟ್ಟಳು, ಆಫೀಸಿನ ಫೋನು ಬಿಟ್ಟಳು. ಕಡೆಗೆ ಊರಾಚೆಯ ಕೆರೆಯ ದಡದಲ್ಲಿ ಮಕ್ಕಳಿಗಾಗಿ ನಡೆಯುವ ಶಿಬಿರಕ್ಕೆ ಸೇರಿಕೊಂಡಳು. ಬಂಡೆ ಹತ್ತಿಸುವುದು, ಈಜು ಕಲಿಸುವುದು, ಡೇರೆ ಕಟ್ಟಿಸುವುದು. ಅಬ್ಬಾ, ಹುಡುಗಿಯ ಮುಖದಲ್ಲಿ ಕಳೆ ಬಂದದ್ದೇ ಆಗ! ಸಂಜೆ ಮೈಯೆಲ್ಲ ಮಣ್ಣು ಮಾಡಿಕೊಂಡು ಬಂದು, ನಗುತ್ತ ನಗುತ್ತ ಊಟ ಮಾಡುವಳು.

ಆ ಸೋಮವಾರ ಮಾತ್ರ ತಟ್ಟೆಯ ಮುಂದೆ ಸುಮ್ಮನೆ ಕೂತಿದ್ದಳು. ಅಮ್ಮ ಕೆದಕಿದ ಮೇಲೆ ವಿಷಯ ಹೊರಬಿತ್ತು. ಶಿಬಿರದಲ್ಲಿ ಸಂಜೆ ಮಕ್ಕಳನ್ನೆಲ್ಲ ಸುತ್ತ ಕೂರಿಸಿ ಬೆಂಕಿ ಹಾಕುವುದುಂಟು. ಕೆರೆಯ ತೇವಕ್ಕೆ ಸೌದೆ ಯಾವಾಗಲೂ ಹಸಿ, ಬೆಂಕಿಕಡ್ಡಿಗೆ ಜಗ್ಗುವುದಿಲ್ಲ. ಅದಕ್ಕೆಂದೇ ಕೈಯಲ್ಲಿ ಹಿಡಿದು ಉರಿ ಚಿಮ್ಮಿಸುವ ಗ್ಯಾಸಿನ ಟಾರ್ಚೊಂದಿತ್ತು. ಅದನ್ನು ಹಚ್ಚಿದ ಮರುಗಳಿಗೆಯಲ್ಲೇ ಇವಳು ಕೈಬಿಟ್ಟು ಹಾರಿ ನಿಂತಿದ್ದಳು, ಅದೂ ಮಕ್ಕಳ ಮುಂದೆ. ಶಿಬಿರದ ಯಜಮಾನಿ ಕೆಟ್ಟವಳೇನಲ್ಲ, ಆದರೆ ನೇರ ಮಾತಿನವಳು. ಬರುವ ಶನಿವಾರ ಎಲ್ಲರೆದುರು ಬೆಂಕಿ ಹಚ್ಚಿ ತೋರಿಸಿದರೆ ಕೆಲಸ ಕಾಯಂ, ಆಗದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂದಿದ್ದಳು.

"ನನ್ನ ಮಗಳಿಗೆ ಬೆಂಕಿ ಕಂಡ್ರೆ ಭಯವಾ!" ಭರ್ರಣ್ಣ ಅರ್ಧ ಊಟಕ್ಕೇ ಎದ್ದ. "ಅಂಗಡೀಲಿ ತರೋ ಟಾರ್ಚು ಅಂದ್ರೆ ಅಷ್ಟೇ. ನಾನು ಮಾಡಿಕೊಡ್ತೀನಿ ನೋಡು, ಬೆಂಕಿ ನಿನ್ನ ಕೈಯಿಂದ ಮಾರು ದೂರ ಇರುತ್ತೆ!"

"ಅಪ್ಪ, ಅದು ಹಾಗಲ್ಲ..." ಎಂದಳು ಮಗಳು. ಅವನು ಆಗಲೇ ಚಪ್ಪಲಿ ಮೆಟ್ಟಿದ್ದ.

ಅಲ್ಲಿಂದ ಅವನಿಗೆ ನಿದ್ದೆಯೂ ಇಲ್ಲ, ನೀರಡಿಕೆಯೂ ಇಲ್ಲ. ಹಳೇ ಸ್ಟೌವಿನ ಚಿಕ್ಕ ಟ್ಯಾಂಕು, ಹಿತ್ತಾಳೆಯ ಕೊಳವೆ, ಕೆಟ್ಟುಹೋದ ಇಸ್ತ್ರಿಪೆಟ್ಟಿಗೆಯ ಮರದ ಹಿಡಿ, ಇಷ್ಟನ್ನೂ ಹರಡಿಕೊಂಡು ಕೂತ. ವಾಷರ್ ಬದಲಿಸಿದ, ಬೆಸುಗೆ ಹಾಕಿದ, ಸರಿಬರಲಿಲ್ಲವೆಂದು ಕಿತ್ತ, ಮತ್ತೆ ಹಾಕಿದ. ಹಿಡಿ ಒಂದು ಕೈಯಲ್ಲಿ ಕೂರಬೇಕು, ತಿರುಪು ಹೆಬ್ಬೆರಳಿಗೆ ಸಿಗಬೇಕು, ಉರಿ ಕೊಳವೆಯ ತುದಿಯಲ್ಲಿ ನೆಟ್ಟಗೆ ಬರಬೇಕು. ಪಕ್ಕದ ಅಂಗಡಿಯ ವಾಚ್ ರಿಪೇರಿಯವನು ಇಣುಕಿ, "ಏನಪ್ಪಾ ಇದು, ವಿಮಾನ ಬಿಡ್ತಿದ್ದೀಯಾ?" ಎಂದ. ಭರ್ರಣ್ಣ ತಲೆಯೆತ್ತಲಿಲ್ಲ. ಕೇಳಿಸಿದ್ದರಲ್ಲವೆ ಎತ್ತುವುದು!

ಅಂಗಡಿಯ ಹಿಂದಿನ ಖಾಲಿ ಜಾಗದಲ್ಲಿ ಮೊದಲ ಪರೀಕ್ಷೆ ನಡೆಯಿತು. ಸೌದೆಗೆ ನೀರು ಚಿಮುಕಿಸಿ, ತಾನು ಮಾಡಿದ ಬೆಂಕಿಕೋಲು ಹಚ್ಚಿ, ಎಂದಿನಂತೆ ಕಿವಿ ಕೊಟ್ಟ. ಭರ್ರ್ ಸಾಲದು ಅನ್ನಿಸಿತು. ಪಂಪು ಹೊಡೆದ. ಇನ್ನೂ ಸಾಲದು. ಮತ್ತೆ ಹೊಡೆದ. ಉರಿ ಮೊಳಕೈ ಉದ್ದ ಚಾಚಿ, ಸೌದೆಯ ಜೊತೆಗೆ ಹೆಂಡತಿ ಒಣಹಾಕಿದ್ದ ಪರದೆಯ ಅಂಚನ್ನೂ ಮುಟ್ಟಿತು. ಮಗಳು ಎರಡೂ ಕೈಗಳನ್ನು ತಲೆಯ ಪಕ್ಕಕ್ಕೆ ಒತ್ತಿಕೊಂಡು ಗೋಡೆಗೆ ಆತುಕೊಂಡಿದ್ದಳು. ಪಾಪ, ಝಳಕ್ಕೆ ಮುಖ ಮುಚ್ಚಿಕೊಂಡಳು ಎಂದುಕೊಂಡು ಭರ್ರಣ್ಣ ಕೊಳವೆಯನ್ನು ಇನ್ನಷ್ಟು ಉದ್ದ ಮಾಡಿದ.

ಉದ್ದ ಮಾಡಿದಷ್ಟೂ ಉರಿ ಅವನ ಕಿವಿಯಿಂದ ದೂರ. ದೂರವಾದಷ್ಟೂ ಸದ್ದು ಸಾಲದು. ಸಾಲದೆಂದು ಮತ್ತೆ ಪಂಪು. ಮಗಳು ಪ್ರತಿ ಸಲವೂ ಹಿಡಿಯನ್ನು ಕೈಗೆ ತೆಗೆದುಕೊಳ್ಳುವಳು, ಬೆವರುವಳು, ನೆಲಕ್ಕಿಟ್ಟು ಹಿಂದೆ ಸರಿಯುವಳು. ವಾರ ಕರಗುತ್ತಿತ್ತು. ಇನ್ನೂ ಉದ್ದದ ಕೊಳವೆ ಹುಡುಕುತ್ತ ಗಂಡ ಅಟ್ಟದ ಸಾಮಾನನ್ನೆಲ್ಲ ಕೆಳಗುರುಳಿಸಿದಾಗ ಹೆಂಡತಿಗೆ ರೇಗಿತು. "ಇನ್ನೊಂದಿಷ್ಟು ಉದ್ದ ಮಾಡಿಬಿಡಿ, ಅವಳು ಮನೇಲೇ ಕೂತು ಕೆರೆ ದಡದಲ್ಲಿ ಬೆಂಕಿ ಹಚ್ಚಲಿ! ಬೆಂಕಿ ಭಯ, ಬೆಂಕಿ ಭಯ ಅಂತೀರಲ್ಲ, ದಿನಾ ಬೆಳಿಗ್ಗೆ ಈ ಮನೇಲಿ ಗ್ಯಾಸ್ ಹಚ್ಚೋದು ಯಾರು?"

ಆ ಮಾತು ಅವನಿಗೆ ಚೆನ್ನಾಗಿಯೇ ಕೇಳಿಸಿತು. ಕೊಳವೆ ಹುಡುಕುವುದನ್ನು ನಿಲ್ಲಿಸಿದ. ಹೌದಲ್ಲ, ಹಚ್ಚುವವಳು ಮಗಳೇ. ಹಾಗಿದ್ದರೆ ಬೆಂಕಿಕೋಲು ಕಂಡು ಹಿಂದೆ ಸರಿಯುವುದೇಕೆ?

ಶುಕ್ರವಾರ ಬೆಳಿಗ್ಗೆ ವಾಚಿನವನು ಅಂಗಡಿಗೆ ನುಗ್ಗಿದ. ಅವನು ಸಿಡುಕುವುದು ಅಪರೂಪ. ಭರ್ರಣ್ಣನ ಸದ್ದನ್ನು ವರ್ಷಗಟ್ಟಲೆ ಸಹಿಸಿಕೊಂಡ ಪುಣ್ಯಾತ್ಮ ಅವನು. ಮೇಜಿನ ಮೇಲಿಡುವ ಒಂದು ಗಡಿಯಾರವನ್ನು ತಂದು ಭರ್ರಣ್ಣನ ಎಡಗಿವಿಗೆ ಹಿಡಿದ.

"ಓಡ್ತಿದೆಯಾ, ನಿಂತಿದೆಯಾ?"

"ನಿಂತಿದೆ. ಕೀಲಿ ಕೊಟ್ಟಿಲ್ಲ ನೀನು" ಎಂದ ಭರ್ರಣ್ಣ.

ವಾಚಿನವನು ಗಡಿಯಾರವನ್ನು ಅವನ ಕಣ್ಣೆದುರಿಗೆ ತಿರುಗಿಸಿದ. ಸೆಕೆಂಡಿನ ಮುಳ್ಳು ತನ್ನ ಪಾಡಿಗೆ ತಾನು ಓಡುತ್ತಿತ್ತು.

ಭರ್ರಣ್ಣ ಗಡಿಯಾರ ಕಿತ್ತುಕೊಂಡು ಬಲಗಿವಿಗೆ ಹಿಡಿದ, ಮತ್ತೆ ಎಡಗಿವಿಗೆ, ಮತ್ತೆ ಬಲಗಿವಿಗೆ. ಆಮೇಲೆ ಕೋಪ ನೆತ್ತಿಗೇರಿತು. "ಹೊರಡು, ನಿನ್ನ ಗಡಿಯಾರಕ್ಕಿಷ್ಟು ಬೆಂಕಿ ಹಾಕ!" ಎಂದು ಕೂಗಿದ. ವಾಚಿನವನು ಹೊರಡಲಿಲ್ಲ. ಅವನ ಭುಜ ಹಿಡಿದು, ಬಾಯಿ ಅಗಲಿಸಿ, ಒಂದೊಂದೇ ಮಾತಾಗಿ ಹೇಳಿದ: "ನಿನಗೆ ಕೇಳಿಸ್ತಿಲ್ಲ ಮಾರಾಯಾ. ಬಹಳ ದಿನ ಆಯ್ತು. ಮಗಳನ್ನ ಕೂರಿಸಿಕೊಂಡು ಕೇಳು."

ಮಗಳು ಮನೆಯ ಹಿಂದೆ ಹಗ್ಗಕ್ಕೆ ಗಂಟು ಹಾಕುತ್ತ, ಬಿಚ್ಚುತ್ತ ಕೂತಿದ್ದಳು. ಅಪ್ಪ ಅವಳೆದುರು ನೆಲದ ಮೇಲೆ ಕೂತ. ಹಾಗೆ ಸುಮ್ಮನೆ ಕೂತದ್ದನ್ನು ಅವಳು ನೋಡಿಯೇ ಇರಲಿಲ್ಲ.

"ನಿನಗೆ ಭಯ ಬೆಂಕಿಯದಲ್ಲ ಅಲ್ವಾ ಪುಟ್ಟಿ?"

ಅವಳು ಹಗ್ಗ ನೋಡಿದಳು, ಅಪ್ಪನ ಮುಖ ನೋಡಿದಳು. "ಸದ್ದಿನದು" ಎಂದಳು. ಅವನಿಗೆ ತುಟಿ ಕಾಣುವಂತೆ ಮತ್ತೆ ಹೇಳಿದಳು. "ನಾನು ಚಿಕ್ಕೋಳಿದ್ದಾಗ ಅಂಗಡೀಲಿ ಮಲಗಿಸಿದ್ದೆಯಲ್ಲ, ಚಿಂದಿಗೆ ಬೆಂಕಿ ತಗುಲಿತ್ತಲ್ಲ?"

ಭರ್ರಣ್ಣನಿಗೆ ನೆನಪಿತ್ತು. ಚಾಪೆಯ ಪಕ್ಕದ ಎಣ್ಣೆ ಚಿಂದಿ ಹೊತ್ತಿಕೊಂಡಿತ್ತು, ವಾಚಿನವನು ಓಡಿಬಂದು ತುಳಿದು ಆರಿಸಿದ್ದ, ಮಗು ಅತ್ತಿತ್ತು. ಅವನಿಗೆ ಗೊತ್ತಿದ್ದದ್ದು ಅಷ್ಟೇ.

"ನಾನು ಅಪ್ಪಾ ಅಪ್ಪಾ ಅಂತ ಕೂಗ್ತಾನೇ ಇದ್ದೆ. ನೀನು ಅಲ್ಲೇ ಇದ್ದೆ. ಸ್ಟೌಗೆ ಕಿವಿ ಕೊಟ್ಟು, ಕಣ್ಣು ಮುಚ್ಚಿಕೊಂಡು ನಗ್ತಾ ಇದ್ದೆ. ಗೋಡೆಯಾಚೆ ಇದ್ದ ಮಾಮನಿಗೆ ಕೇಳಿಸ್ತು, ನಿನಗೆ ಕೇಳಿಸಲಿಲ್ಲ." ಅವಳು ಹಗ್ಗದ ಗಂಟನ್ನು ಎಳೆದು ಬಿಗಿದಳು. "ಈಗ ಆ ಟಾರ್ಚು ಭರ್ರ್ ಅಂದ್ರೆ ಸಾಕು, ಹಿಂದೆ ಯಾವುದೋ ಮಗು ಕೂಗ್ತಿದೆ, ನನಗೆ ಕೇಳಿಸ್ತಿಲ್ಲ ಅನ್ನಿಸುತ್ತೆ. ಕೈ ತಾನಾಗೇ ಬಿಟ್ಟುಬಿಡುತ್ತೆ ಅಪ್ಪ."

ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಅವನು ಕೇಳಲಿಲ್ಲ. ಯಾಕೆಂದು ಗೊತ್ತಾಗಿತ್ತು. ಎದ್ದವನು ಮುಖಕ್ಕೆ ನೀರು ಎರಚಿಕೊಂಡು, ಮಗಳ ಕೈ ಹಿಡಿದು ಅಂಗಡಿಗೆ ನಡೆದ.

ಬೆಂಚಿನಡಿಯ ಬಿಸ್ಕತ್ತಿನ ಡಬ್ಬಿ ಹೊರಗೆ ಬಂತು. ಮೂಗಿಗಳ ಟೋಪಿಗಳನ್ನೆಲ್ಲ ನೆಲಕ್ಕೆ ಸುರಿದು, ಒಂದನ್ನು ಆರಿಸಿ, ಉಜ್ಜಿ, ತೂತು ತೂತನ್ನೂ ಪಿನ್ನಿನಿಂದ ಬಿಡಿಸಿದ. ಉದ್ದದ ಕೊಳವೆ ಕತ್ತರಿಸಿ ಗಿಡ್ಡ ಮಾಡಿದ, ತುದಿಗೆ ಟೋಪಿ ಕೂರಿಸಿದ. ಅಂಗಡಿಯ ಹಿಂದೆ ಹೋಗಿ ಹಚ್ಚಿದಾಗ ಅಭ್ಯಾಸದಂತೆ ಅವನ ತಲೆ ಎಡಕ್ಕೆ ವಾಲಿತು. ಏನೂ ಇಲ್ಲ. ಅವನ ಪಾಲಿಗೆ ಅದು ಸತ್ತ ಒಲೆ. ಕೈ ಪಂಪಿನ ಕಡೆ ಹೋಯಿತು.

ಕೈಯನ್ನು ಹಿಂದಕ್ಕೆ ತೆಗೆದುಕೊಂಡ. "ನನ್ನ ಕಿವಿ ನಂಬೋ ಹಾಗಿಲ್ಲ. ನೀನೇ ಹೇಳು. ಸರಿ ಅನ್ನಿಸಿದಾಗ ಅಂಗೈ ಎತ್ತು, ನಿಲ್ಲಿಸ್ತೀನಿ."

ತಿರುಪನ್ನು ಎಳ್ಳಷ್ಟು ತಿರುಗಿಸಿದ, ಮಗಳ ಕೈ ನೋಡಿದ. ಮತ್ತೆ ಎಳ್ಳಷ್ಟು. ಕಸುಬಿಗೆ ಬಂದಾಗಿನಿಂದ ಉರಿಯ ವಿಷಯದಲ್ಲಿ ಇನ್ನೊಬ್ಬರ ಮಾತು ಕೇಳಿದವನಲ್ಲ ಅವನು. ಬೆನ್ನೆಲ್ಲ ಬೆವತುಹೋಯಿತು. ಕಡೆಗೆ ಮಗಳ ಅಂಗೈ ಮೇಲೆದ್ದಿತು. ಅವಳು ಮುಂದೆ ಬಂದು ಹಿಡಿಯನ್ನು ತೆಗೆದುಕೊಂಡು ಹಸಿ ಸೌದೆಯ ಹತ್ತಿರ ಹಿಡಿದಳು. ಸೌದೆ ಹೊತ್ತಿಕೊಳ್ಳುವವರೆಗೂ ನೆಲಕ್ಕಿಡಲಿಲ್ಲ.

ಶನಿವಾರ ಸಂಜೆ ಅವನೂ ಹೆಂಡತಿಯೂ ಶಿಬಿರದ ಬೇಲಿಯ ಪಕ್ಕ ನಿಂತಿದ್ದರು. ಹತ್ತಿರ ಹೋದರೆ ಮಗಳಿಗೆ ಗಾಬರಿಯಾದೀತೆಂದು ಹೆಂಡತಿ ಅವನ ತೋಳನ್ನು ಬಿಗಿಯಾಗಿ ಹಿಡಿದಿದ್ದಳು. ಮಕ್ಕಳು ಸುತ್ತ ಕೂತಿದ್ದರು. ಯಜಮಾನಿ ಕೈಕಟ್ಟಿ ನಿಂತಿದ್ದಳು. ಮಗಳು ಬೆಂಕಿಕೋಲು ಹಚ್ಚಿ ಮಂಡಿಯೂರಿದಳು. ಭರ್ರಣ್ಣನಿಗೆ ಗಾಳಿಯೂ ಕೇಳಿಸುತ್ತಿರಲಿಲ್ಲ. "ಆರಿಹೋಯ್ತೇನೇ? ಆರಿಹೋಯ್ತಾ?" ಎಂದು ಹೆಂಡತಿಯನ್ನು ಜಗ್ಗಿದ. ಇಲ್ಲ ಎಂದು ಅವಳು ತಲೆಯಾಡಿಸಿದಳು. ಸೌದೆಯಿಂದ ಹೊಗೆ ಎದ್ದಿತು, ಆಮೇಲೆ ಒಂದು ಸಣ್ಣ ಉರಿ ಕಾಣಿಸಿತು.

ಅಷ್ಟರಲ್ಲಿ ಮಗಳು ತಟ್ಟನೆ ತಿರುಪು ಮುಚ್ಚಿ, ಬೆಂಕಿಕೋಲನ್ನು ಪಕ್ಕಕ್ಕಿಟ್ಟು ಎದ್ದು ಹಿಂದಕ್ಕೆ ನಡೆದಳು. ಭರ್ರಣ್ಣನ ಜೀವ ಬಾಯಿಗೆ ಬಂತು. "ಅಯ್ಯೋ, ಯಾಕೆ ಬಿಟ್ಟಳು? ಏನಾಯ್ತು?"

ಅವಳು ಸಾಲಿನ ಹಿಂದೆ ಒಂಟಿಯಾಗಿ ಕೂತಿದ್ದ ಪುಟ್ಟ ಮಗುವಿನ ಮುಂದೆ ಕೂತು, ಹೊಗೆ ಹೊಕ್ಕ ಅದರ ಕಣ್ಣುಗಳನ್ನು ತನ್ನ ದುಪಟ್ಟಾದ ಅಂಚಿನಿಂದ ಒರೆಸುತ್ತಿದ್ದಳು. ಅವಳ ಬೆನ್ನ ಹಿಂದೆ ಸೌದೆ ಚೆನ್ನಾಗಿಯೇ ಹತ್ತಿಕೊಂಡಿತು. ಯಜಮಾನಿ ಉರಿಯನ್ನೊಮ್ಮೆ, ಆ ಮಗುವನ್ನೊಮ್ಮೆ ನೋಡಿ, ಕಟ್ಟಿದ್ದ ಕೈ ಬಿಟ್ಟು ಚಪ್ಪಾಳೆ ತಟ್ಟಿದಳು.

ಹೆಂಡತಿ ಈ ಸಲ ಕಿರುಚಲಿಲ್ಲ. ಅವನ ಕಿವಿಗೆ ಬಾಯಿಟ್ಟು ಹೇಳಿದಳು: "ಆ ಮಗು ಅಕ್ಕಾ ಅಂತು ಕಣ್ರೀ. ಮೆಲ್ಲಗೆ, ಒಂದೇ ಸಲ. ಇವಳಿಗೆ ಕೇಳಿಸ್ತು."

ಭರ್ರಣ್ಣ ಹೆಂಡತಿಗಷ್ಟೇ ಕೇಳುವಂತೆ ಪಿಸುಗುಟ್ಟುತ್ತಿದ್ದೇನೆ ಎಂದುಕೊಂಡು ಹೇಳಿದ: "ಇವಳೂ ಆವತ್ತು ಹಾಗೇ ಕರೆದಿದ್ದಳಂತೆ ಕಣೇ, ನನ್ನನ್ನ."

ಆ ಮಾತು ಕೆರೆಯ ಆಚೆ ದಡದವರೆಗೂ ಹೋಯಿತು. ಮಕ್ಕಳೆಲ್ಲ ಒಮ್ಮೆಗೇ ಬೇಲಿಯ ಕಡೆ ತಿರುಗಿದರು. ಮಗಳು ಮಗುವನ್ನು ಎತ್ತಿಕೊಂಡು ಎದ್ದುನಿಂತು ಅಪ್ಪನನ್ನು ನೋಡಿದಳು. ಅಲ್ಲಿಂದಲೇ, ಅವನಿಗೆ ಕಾಣುವಂತೆ, ಅಂಗೈ ಎತ್ತಿದಳು.