ಸೂರ್ಯಕಾಂತಿ ಹೊಲದ ಅಟ್ಟಣೆಯ ಮೇಲೆ ಹೆವಿ ಮೆಟಲ್

ಆಷಾಢದ ಬೆಳಗು ಹರವೆಯ ಹೊಲಗಳ ಮೇಲೆ ಅವಸರವಿಲ್ಲದೆ ಇಳಿಯುತ್ತದೆ. ಮೊದಲು ಮಂಜು ಬೆಳ್ಳಗಾಗುತ್ತದೆ. ಆಮೇಲೆ ಮಂಜಿನೊಳಗೆ ಹಳದಿ ಮೂಡುತ್ತದೆ. ಆ ಹಳದಿ ಮೆಲ್ಲಮೆಲ್ಲನೆ ಬಿಡಿಬಿಡಿಯಾಗಿ ಸೂರ್ಯಕಾಂತಿಯ ತೆನೆಗಳಾಗುತ್ತದೆ. ಕಾಳು ಕಟ್ಟಿದ ಭಾರಕ್ಕೆ ಅವೆಲ್ಲ ತಲೆ ತಗ್ಗಿಸಿ ನಿಂತಿವೆ. ಗುಂಡ್ಲುಪೇಟೆಯ ದಿಕ್ಕಿನಲ್ಲಿ ಗೋಪಾಲಸ್ವಾಮಿ ಬೆಟ್ಟ ಇದೆಯೋ ಇಲ್ಲವೋ ಎಂಬಂತೆ ಮೋಡದಲ್ಲಿ ಮುಳುಗಿದೆ. ಹೊಲದ ನಡುವೆ ನೀಲಗಿರಿ ಗಳುಗಳ ಮೇಲೊಂದು ಅಟ್ಟಣೆ. ಅದರ ಮೇಲೆ, ಗೊಬ್ಬರದ ಚೀಲವನ್ನು ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡು, ಮಡಿಲಲ್ಲಿ ಕಪ್ಪು ಬಣ್ಣದ ಗಿಟಾರನ್ನು ಇಟ್ಟುಕೊಂಡು ಚಿಕ್ಕಮಾದಮ್ಮ ಕುಳಿತಿದ್ದಾರೆ.

ಹುಣಸೆ ತೋಪಿನ ಕಡೆಯಿಂದ ಹಸಿರು ಗೆರೆಯೊಂದು ಮಂಜನ್ನು ಸೀಳಿಕೊಂಡು ಬರುತ್ತದೆ. ಗಿಳಿಗಳು. ಚಿಕ್ಕಮಾದಮ್ಮ ಅಲುಗುವುದಿಲ್ಲ. ಮೊದಲ ಗಿಳಿ ತೆನೆಯ ಮೇಲೆ ಇಳಿದು ಇನ್ನೇನು ರೆಕ್ಕೆ ಮಡಚಬೇಕು, ಅಷ್ಟರಲ್ಲಿ ಅವರ ಬಲಗೈ ತಂತಿಯ ಮೇಲೆ ಬೀಳುತ್ತದೆ. ಪಕ್ಕದಲ್ಲಿರುವ ಬ್ಯಾಟರಿ ಸ್ಪೀಕರು ಬಂಡೆ ಬಿರಿದಂತೆ ಗರ್ಜಿಸುತ್ತದೆ. ಹಸಿರು ಗೆರೆ ಚದುರಿ ಮೇಲೇಳುತ್ತದೆ. ಮತ್ತೆ ಮೌನ. ಎರಡನೆಯ ಪೆಟ್ಟು ಬೇಗನೆ ಬರುತ್ತದೆ, ಮೂರನೆಯದು ನೋಡುವವರ ತಾಳ್ಮೆ ಕೆಡುವಷ್ಟು ತಡವಾಗಿ. ಒಂದು ಪೆಟ್ಟಿಗೂ ಇನ್ನೊಂದಕ್ಕೂ ನಡುವಿನ ಅಂತರ ಎಂದೂ ಒಂದೇ ಆಗಿರುವುದಿಲ್ಲ.

"ಸರಿಯಾಗ್ ಬಾರ್ಸುದ್ರೆ ಕೆಟ್ಟೆ ಕಣಪ್ಪ," ಎನ್ನುತ್ತಾರೆ ಅವರು. ಹರಿದ ಬಟ್ಟೆಯನ್ನು ಮತ್ತಷ್ಟು ಹರಿದಂಥ ಪಿಸುದನಿ. "ತಪ್ ತಪ್ಪಾಗ್ ಬಾರ್ಸುದ್ರೇ ನಂಗೆ ಕೂಲಿ."

ಉಡಿಗಾಲದ ಚಿಕ್ಕಮಾದಮ್ಮನವರಿಗೆ ಈಗ ಐವತ್ತರ ಆಸುಪಾಸು. ನಡೆಯಲು ಕಲಿತ ಕಾಲದಿಂದ ಅವರು ಕಂಡದ್ದು ಇದೊಂದೇ ಕೆಲಸ: ಬೇರೆಯವರ ಹೊಲದಲ್ಲಿ ಗಿಳಿ ಕಾಯುವುದು. ಮೊದಲು ತಾಯಿಯ ಜೊತೆ ಜೋಳದ ಹೊಲ, ಆಮೇಲೆ ಸಜ್ಜೆ, ಈಗ ಸೂರ್ಯಕಾಂತಿ. ಕತ್ತಲು ಹರಿಯುವ ಮುನ್ನ ಅಟ್ಟಣೆ ಹತ್ತಬೇಕು. ಬಿಸಿಲೇರಿ ಗಿಳಿಗಳು ಮರದ ನೆರಳು ಸೇರಿದ ಮೇಲೆ ಇಳಿಯಬೇಕು. ಇಳಿಹೊತ್ತಿಗೆ ಮತ್ತೆ ಹತ್ತಬೇಕು. ಮಳೆ, ಗಾಳಿ, ಜ್ವರ, ಹಬ್ಬ, ಯಾವುದಕ್ಕೂ ರಜೆಯಿಲ್ಲ; ಗಿಳಿಗಳಿಗೆ ಹಬ್ಬವಿಲ್ಲವಲ್ಲ. ಸಾಧನಗಳೆಂದರೆ ಒಂದು ತಗಡಿನ ಡಬ್ಬ, ಒಂದು ಕವಣೆ, ಮತ್ತು ಎಲ್ಲಕ್ಕಿಂತ ಮುಖ್ಯವಾಗಿ ಗಂಟಲು.

ಒಗ್ಗರಣೆಗೆಂದು ಎಣ್ಣೆ ಸುರಿಯುವಾಗ ಆ ಎಣ್ಣೆಗಾಗಿ ಯಾರದೋ ಗಂಟಲು ಸವೆದಿದೆ ಎಂದು ನಮ್ಮಲ್ಲಿ ಎಷ್ಟು ಮಂದಿ ನೆನೆದಿದ್ದೇವೆ? ಬಿತ್ತಿದವನನ್ನು ಅನ್ನದಾತನೆಂದು ಹೊಗಳುವ ನಾವು, ಬಿತ್ತಿದ್ದನ್ನು ಉಳಿಸಿಕೊಟ್ಟವಳಿಗೆ ಒಂದು ಹೆಸರನ್ನಾದರೂ ಕೊಟ್ಟಿಲ್ಲ. ಕೃತಜ್ಞತೆಯ ಪಾಠವನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿ, ಊಟದ ಎಲೆಯ ಮುಂದೆ ಮರೆಯುವ ಸಮಾಜ ನಮ್ಮದು.

ಹೋದ ವರ್ಷದ ಬೆಳೆಯಲ್ಲಿ ಆ ಗಂಟಲು ಹೋಯಿತು. ಒಂದು ಮುಂಜಾನೆ ಕೂಗಲೆಂದು ಬಾಯಿ ತೆರೆದರೆ ಬರೀ ಗಾಳಿ ಬಂತು. ಗಂಟಲಿನೊಳಗೆ ಗಂಟು ಕಟ್ಟಿದೆ, ಇನ್ನು ಮುಂದೆ ಕೂಗಲೇಬಾರದು ಎಂದು ವೈದ್ಯರು ಹೇಳಿದರು. ಕೂಗಲಾರದವಳನ್ನು ಹೊಲಕ್ಕೆ ಕರೆಯುವವರು ಯಾರು? ಹೊಲದ ಒಡೆಯರು ಒಬ್ಬೊಬ್ಬರೇ ಹಿಂದೆಗೆದರು. ಉಳಿದವರು ಹರವೆಯ ಗಂಗಾಧರಸ್ವಾಮಿ ಒಬ್ಬರೇ. "ಮುಂದ್ಲ ಬೆಳೆಗೆ ಒಂದ್ಸಲ ನೋಡನ ಮಾದಮ್ಮ. ಡಬ್ಬ ಬಡ್ಕಂಡೇ ಕಾಯೋದಾದ್ರೆ ಕಾಯಿ. ಆಗ್ದಿದ್ರೆ ಪಟಾಕಿ ಹೊಡ್ಯೋರ್ನ ಕರುಸ್ತೀನಿ," ಎಂದಿದ್ದರು.

ಬೇಸಿಗೆಯಲ್ಲಿ ಕೂಲಿಗೆಂದು ಚಿಕ್ಕಮಾದಮ್ಮ ಗುಂಡ್ಲುಪೇಟೆ ರಸ್ತೆಯ ಶುಂಠಿ ಹೊಲಕ್ಕೆ ಹೋದರು. ಗುತ್ತಿಗೆಗೆ ಭೂಮಿ ಹಿಡಿದ ಕೇರಳದವರ ಹೊಲ ಅದು. ನೋಡಿಕೊಳ್ಳಲು ವಯನಾಡಿನ ಸಜಿ ಎಂಬವನಿದ್ದ. ಕಾಲೇಜಿನ ದಿನಗಳಲ್ಲಿ ಗೆಳೆಯರ ತಂಡದಲ್ಲಿ ಗಿಟಾರು ನುಡಿಸುತ್ತಿದ್ದವನು. ಪಂಪ್‌ಸೆಟ್ಟಿನ ಶೆಡ್ಡಿನಲ್ಲಿ ಅವನ ಫೋನಿನಿಂದ ಒಂದು ಮಧ್ಯಾಹ್ನ ಹಾಡೊಂದು ಅಬ್ಬರಿಸುತ್ತಿತ್ತು. ಕಳೆ ಕೀಳುತ್ತಿದ್ದ ಹೆಂಗಸರು ಕಿವಿ ಮುಚ್ಚಿಕೊಂಡರು. ಚಿಕ್ಕಮಾದಮ್ಮ ಮಾತ್ರ ಕುಡುಗೋಲು ಕೆಳಗಿಟ್ಟು ಶೆಡ್ಡಿನ ಬಾಗಿಲಿಗೆ ಬಂದು ನಿಂತರು.

"ಈ ಅಪ್ಪನ ಗಂಟ್ಲೂ ನನ್ನಂಗೇ ಒಡ್ದೋಗದೆ," ಎಂದರು. "ಪಾಪ, ಇವ್ನೂ ಗಿಣಿ ಕಾಯ್ತಿದ್ನಾ?"

ಅಕ್ಕ ಎನ್ನಲು ಮಲಯಾಳದ ಚೇಚಿ ಎಂದೇ ಕರೆಯುತ್ತಿದ್ದ ಸಜಿ ನಕ್ಕ. "ಇಲ್ಲ ಚೇಚಿ. ಇದು ಹೆವಿ ಮೆಟಲ್. ಬೇಕು ಅಂತ ಹೀಗೆ ಹಾಡೋದು."

"ಬೇಕೂಂತ್ಲೇ?"

"ಬೇಕು ಅಂತಲೇ. ದುಡ್ಡು ಕೊಟ್ಟು ಜನ ಕೇಳ್ತಾರೆ."

ಅಂದಿನ ರಾತ್ರಿ ತಮಗೆ ನಿದ್ದೆ ಬರಲಿಲ್ಲ ಎಂದು ಚಿಕ್ಕಮಾದಮ್ಮ ನೆನೆಯುತ್ತಾರೆ. ಒಡೆದ ಗಂಟಲಿಗೂ ಒಂದು ಹಾಡಿದೆ, ಅದನ್ನು ಕೇಳುವವರೂ ಇದ್ದಾರೆ ಎಂಬ ಮಾತು ಎದೆಯ ಮೇಲೆ ಕೂತುಬಿಟ್ಟಿತ್ತಂತೆ. ಆ ಹಾಡಿನ ಹೆಸರು ಅವರಿಗೆ ಇಂದಿಗೂ ಬೇಕಿಲ್ಲ. ಅವರ ಪಾಲಿಗೆ ಅದು 'ಗಂಟ್ಲೊಡಕನ ಹಾಡು.' ಮಾರನೆಯ ದಿನ ಸಜಿಯ ಮುಂದೆ ನಿಂತು, "ಬಾಯಲ್ಲಂತೂ ಆಗಕಿಲ್ಲ. ಕೈಯಲ್ಲಿ ಕಲ್ಸ್ಕೊಡ್ತಿಯೇನಪ್ಪ?" ಎಂದು ಕೇಳಿದರು.

ಸಜಿ ಶೆಡ್ಡಿನ ಮೂಲೆಯಲ್ಲಿದ್ದ ತನ್ನ ಹಳೆಯ ಗಿಟಾರನ್ನೂ ಬ್ಯಾಟರಿ ಸ್ಪೀಕರನ್ನೂ ಹೊರತೆಗೆದ. ಕಲಿಕೆ ಸುಲಭವಾಗಿರಲಿಲ್ಲ. ಉಕ್ಕಿನ ತಂತಿ ಬೆರಳ ತುದಿಗಳನ್ನು ಕೊಯ್ದಿತು; ಅರಿಶಿನ ಮೆತ್ತಿಕೊಂಡು ಮತ್ತೆ ಕೂತರು. ಎಡಗೈ ಬೇಗನೆ ದಾರಿಗೆ ಬಂತು. ಹಟ ಹಿಡಿದದ್ದು ಬಲಗೈ. ಹೆವಿ ಮೆಟಲ್ಲಿನ ಜೀವವಿರುವುದು ಒಂದು ಸಣ್ಣ ಸ್ವರಗುಚ್ಛವನ್ನು ಮತ್ತೆ ಮತ್ತೆ, ಒಂದೇ ನಡೆಯಲ್ಲಿ, ಗಾಣ ತಿರುಗಿದಂತೆ ಬಾರಿಸುವುದರಲ್ಲಿ. ಚಿಕ್ಕಮಾದಮ್ಮ ಮೂರು ಸಲ ಸರಿಯಾಗಿ ಬಾರಿಸುವರು. ನಾಲ್ಕನೆಯ ಸಲ ಕೈ ತಾನಾಗಿ ತಡೆದು ನಿಲ್ಲುವುದು ಅಥವಾ ಮುಂದಕ್ಕೆ ಹಾರುವುದು.

"ಚೇಚಿ, ತಾಳ ಎಲ್ಲಿ ಓಡಿ ಹೋಗ್ತದೆ?" ಎಂದು ಸಜಿ ತಲೆ ಮೇಲೆ ಕೈ ಹೊತ್ತ.

"ಅದು ಓಡೋಗ್ತಿಲ್ಲ ಕಣಪ್ಪ, ನಾನೇ ಓಡುಸ್ತಾ ಇವ್ನಿ. ಒಂದೇ ಸಮ ಕೂಗುದ್ರೆ ಗಿಣಿ ಲೆಕ್ಕ ಇಡ್ಕತ್ತದೆ. ಈಗ ಕೂಗುದ್ಲು, ಇನ್ನಿಷ್ಟೊತ್ತು ಕೂಗಕಿಲ್ಲ ಅಂತ ಕೂತ್ಕಂಡು ತಿಂತದೆ. ಅದ್ಕೇ ನಮ್ಮವ್ವ ಯೋಳ್ಕೊಟ್ಟಿದ್ದು, ನಿನ್ ಕೂಗು ಯಾವಾಗ ಬತ್ತದೆ ಅಂತ ನಿಂಗೇ ಗೊತ್ತಾಗ್ಬಾರ್ದು ಮಗ ಅಂತ."

ಜೀವಮಾನವೆಲ್ಲ ತಾಳ ತಪ್ಪಿಸುವುದನ್ನೇ ಕಲಿತ ದೇಹಕ್ಕೆ ತಾಳ ಹಿಡಿಸುವುದು ಹೇಗೆ? ಗುರು ಸಿಕ್ಕಿದ್ದು ಶುಂಠಿ ಮಡಿಗಳ ನಡುವೆ. ಅಲ್ಲಿ ಸ್ಪ್ರಿಂಕ್ಲರುಗಳು ದಿನವಿಡೀ ಚಿಕ್ ಚಿಕ್ ಚಿಕ್ ಎಂದು ನೀರು ಚಿಮ್ಮುತ್ತ ಒಂದೇ ಸಮನೆ ತಿರುಗುತ್ತಿದ್ದವು. ಊಟದ ಬಿಡುವಿನಲ್ಲಿ ಚಿಕ್ಕಮಾದಮ್ಮ ಅವುಗಳ ಪಕ್ಕದಲ್ಲಿ ಕೂತು ಆ ಚಿಕ್ ಚಿಕ್ ಸದ್ದಿಗೆ ತಮ್ಮ ಪೆಟ್ಟನ್ನು ಕೂಡಿಸತೊಡಗಿದರು. ನೀರಹನಿಗಳಲ್ಲಿ ಕಾಮನಬಿಲ್ಲು ಮೂಡಿ ಕರಗುತ್ತಿತ್ತು, ಒದ್ದೆ ಮಣ್ಣಿನಿಂದ ಶುಂಠಿಯ ಘಾಟು ಏಳುತ್ತಿತ್ತು, ಹಾಡಿನ ಒಂದೊಂದೇ ತುಣುಕು ಕೈಯಲ್ಲಿ ನಿಲ್ಲುತ್ತಿತ್ತು. ಆ ದಿನಗಳ ಬಗ್ಗೆ ಮಾತಾಡುವಾಗ ಅವರ ಕಣ್ಣು ಅರೆಮುಚ್ಚುತ್ತದೆ. "ಕನ್ಸು ಬಿದ್ದಂಗಿತ್ತು. ಎಚ್ರ ಆಗ್ಬಾರ್ದು ಅನ್ನಂಗೆ."

ಎಚ್ಚರಿಸುವವರಿಗೆ ಬರವಿರಲಿಲ್ಲ. ಜೊತೆಯ ಕೂಲಿ ಪುಟ್ಟಸಿದ್ದಮ್ಮ ಬದುವಿನ ಮೇಲಿಂದಲೇ ಕೇಳುತ್ತಿದ್ದರು: "ಏನಮ್ಮಿ, ಕಬ್ಣದಂಗಡಿ ಯಾವಾಗ ಇಕ್ತೀಯೆ?" ಅದು ಒಡನಾಡಿಯ ಕೀಟಲೆ, ಸಹಿಸಬಹುದು. ಸಹಿಸಲಾಗದ್ದು ಬೇರೆಯಿದೆ. ಸೂರ್ಯಕಾಂತಿ ಹೂ ಬಿಟ್ಟ ಕಾಲದಲ್ಲಿ ಊಟಿಗೆ ಹೋಗುವವರು ಕಾರು ನಿಲ್ಲಿಸಿ, ಬೇಲಿ ದಾಟಿ, ಗಿಡಗಳನ್ನು ತುಳಿದು ಹೊಲಕ್ಕೆ ನುಗ್ಗುತ್ತಾರೆ. ಚೆನ್ನಾಗಿ ಉಟ್ಟು ತೊಟ್ಟ ಒಬ್ಬ ಮಹನೀಯರು ಅಟ್ಟಣೆಯತ್ತ ಕೈಬೀಸಿ, "ಸ್ವಲ್ಪ ಕೆಳಗೆ ಬಗ್ಗಮ್ಮ, ಫೋಟೋದಲ್ಲಿ ಬರ್ತಿದ್ದೀಯ," ಎಂದರಂತೆ. ಚಿಕ್ಕಮಾದಮ್ಮ ಬಗ್ಗಿದರು. ಯಾರು ಬೆಳೆ ಕಾದು ಆ ಚೆಲುವನ್ನು ಉಳಿಸಿದರೋ ಅವರೇ ಚಿತ್ರಕ್ಕೆ ಕಳಂಕವೆಂದು ಬಗೆಯುವ ಕಣ್ಣಿಗೆ ವಿದ್ಯೆ ಏನನ್ನು ಕಲಿಸಿತು? ಬಾಗಬೇಕಾಗಿದ್ದ ತಲೆ ಯಾರದು?

ಮುಂಗಾರು ಬಿದ್ದ ಮೇಲೆ ಸಜಿ ಗಿಟಾರನ್ನೂ ಸ್ಪೀಕರನ್ನೂ ಅವರ ಕೈಗೇ ಕೊಟ್ಟ. "ನನ್ನ ಹತ್ರ ಮೂಲೆಯಲ್ಲಿ ಇರ್ತದೆ, ಚೇಚಿ. ನಿಮ್ಮ ಹತ್ರ ಇರಲಿ." ತಗಡಿನ ಡಬ್ಬಕ್ಕಿಂತ ನೂರು ಪಾಲು ಒರಟಾದ ಸದ್ದು; ಗಿಳಿಗಳು ಇನ್ನಿತ್ತ ಸುಳಿಯಲಾರವು ಎಂದು ಚಿಕ್ಕಮಾದಮ್ಮ ನಂಬಿದರು. ಮೊದಲ ದಿನ ಹಾಗೆಯೇ ಆಯಿತು. ಇಡೀ ಹೊಲ ಖಾಲಿ. ಸಂತೋಷ ತಡೆಯಲಾರದೆ ಅವರು ಮರುದಿನದಿಂದ ತಾವು ಕಲಿತದ್ದನ್ನು ಕಲಿತ ಹಾಗೆಯೇ, ತಾಳಬದ್ಧವಾಗಿ ಬಾರಿಸತೊಡಗಿದರು.

ಅಲ್ಲಿಯೇ ಎಡವಿದ್ದು. ವಾರ ತುಂಬುವುದರೊಳಗೆ ಗಿಳಿಗಳು ಹಾಡನ್ನು ಕಲಿತವು. ಗಾಣದಂತೆ ಸುತ್ತಿ ಸುತ್ತಿ ಬರುವ ಸದ್ದಿನಿಂದ ಅಪಾಯವಿಲ್ಲ ಎಂದು ಅವುಗಳಿಗೆ ತಿಳಿಯಿತು. ಪಡುವಣ ಅಂಚಿನ ತೆನೆಗಳೆಲ್ಲ ಕಾಳಿಲ್ಲದ ಬೋಳು ತಟ್ಟೆಗಳಾದವು. ಗಂಗಾಧರಸ್ವಾಮಿ ಒಂದೊಂದೇ ತೆನೆಯನ್ನು ತಿರುಗಿಸಿ ನೋಡುತ್ತ ಅಟ್ಟಣೆಯ ಬುಡಕ್ಕೆ ಬಂದರು.

"ಗಿಣಿಗೆ ಊಟದ್ ಗಂಟೆ ಬಾರಿಸ್ತಾ ಇದ್ದೀಯಲ್ಲ ಮಾದಮ್ಮ. ಇದು ಹೊಲವೋ ಸಂಗೀತದ್ ಇಸ್ಕೂಲೋ?"

"ತಪ್ಪಾಯ್ತು ಸ್ವಾಮ್ಯೋರೆ. ಸರಿಯಾಗ್ ಬಾರ್ಸ್ಬುಟ್ಟೆ. ನಾಳಿಂದ ಕೆಡುಸ್ಕಂಡು ಬಾರುಸ್ತೀನಿ."

"ಇನ್ನೊಂದ್ ತೆನೆ ಹೋದ್ರೂ ಈ ಕೆಲ್ಸ ಇಲ್ಲ ಅಂತ ತಿಳ್ಕೊ."

ಹೀಗೆ ಒಂದೇ ಕೈ ಇಬ್ಬರು ಒಡೆಯರ ಆಳಾಯಿತು. ಬೆಳಗ್ಗೆ, ಸಂಜೆ ಸ್ಪೀಕರು ಹಾಕಿ ಒಡಕು ಪೆಟ್ಟು, ಅದು ಅನ್ನ. ನಡುಹಗಲಿನಲ್ಲಿ, ಗಿಳಿಗಳು ಹುಣಸೆಯ ನೆರಳಲ್ಲಿ ತೂಕಡಿಸುವಾಗ, ಸ್ಪೀಕರು ಆರಿಸಿ ಹಾಡಿನ ಅಭ್ಯಾಸ, ಅದು ಆಸೆ. ಕೇಳಿಸಿದರೆ ಅವು ಮತ್ತೆ ಕಲಿತುಬಿಡುತ್ತವೆಯಲ್ಲ, ಅದಕ್ಕೆ ಈ ಮೌನ. ವಿದ್ಯುತ್ತಿಲ್ಲದ ತಂತಿಯ ಸದ್ದು ಜೇನ್ನೊಣದ ದನಿಗಿಂತ ದೊಡ್ಡದಲ್ಲ. ಗಿಟಾರಿನ ಮರವನ್ನು ಎದೆಗೆ ಒತ್ತಿಕೊಂಡು, ಮೂಳೆಯಲ್ಲಿ ನಡುಕವಾಗಿ ಮಾತ್ರ ಅವರು ಹಾಡನ್ನು ಕೇಳಿದರು. ಕೊನೆಯವರೆಗೂ ಕಲಿತದ್ದು ಹಾಗೆಯೇ. ಗಟ್ಟಿಯಾಗಿ, ಪೂರ್ತಿಯಾಗಿ, ತಮ್ಮ ಕೈಯಿಂದ ಹೊರಟ ಹಾಡನ್ನು ತಮ್ಮ ಕಿವಿಯಿಂದ ಒಮ್ಮೆ ಕೇಳಬೇಕು: ಇಷ್ಟೇ ಬಯಕೆ. ಕೇಳಿದರೆ ಕೆಲಸ ಹೋಗುತ್ತದೆ.

ಆಷಾಢದ ಕೊನೆಯ ಮಂಗಳವಾರದ ಹೊತ್ತಿಗೆ ಕೊಯ್ಲು ಮುಗಿಯುತ್ತ ಬಂದು, ಬಡಗಣ ಮೂಲೆಯ ಕೆಲವೇ ಸಾಲುಗಳು ಉಳಿದಿದ್ದವು. ಮಂಜು ಅಂದು ಎಷ್ಟು ದಟ್ಟವಾಗಿತ್ತೆಂದರೆ ಅಟ್ಟಣೆ ನೆಲದ ಹಂಗಿಲ್ಲದೆ ತೇಲುತ್ತಿರುವಂತೆ ಕಾಣುತ್ತಿತ್ತು. ಚಿಕ್ಕಮಾದಮ್ಮ ಸ್ಪೀಕರಿನ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದರು. ಅಂಗೈಯ ಅಂಚನ್ನು ತಂತಿಗೆ ಒತ್ತಿ ಮೊದಲ ಪೆಟ್ಟು ಹಾಕಿದರು, ಎರಡನೆಯದು ಅದು ಬರಬೇಕಾದ ಹೊತ್ತಿಗೇ ಬಂತು, ಮೂರನೆಯದೂ ಬಂತು. ಹಾಡು ಹೊರಟಿತು. ಮಂಜಿನೊಳಗೆ ಅದು ಎಲ್ಲ ದಿಕ್ಕಿಗೂ ಹಬ್ಬಿ, ಕೊಯ್ದ ಹೊಲದ ಮೇಲೆ ಉರುಳಿ, ಎಲ್ಲಿಂದಲೋ ಮರಳಿ ಅವರ ಬಳಿಗೇ ಬರುತ್ತಿತ್ತು.

ಗಿಳಿಗಳು ಬಂದವು. ಒಮ್ಮೆ ಸುತ್ತು ಹಾಕಿದವು. ಒಂದು ಕೂತಿತು, ಆಮೇಲೆ ಹತ್ತಾರು. ಚಿಕ್ಕಮಾದಮ್ಮ ಅವುಗಳನ್ನು ನೋಡಿದರು. ಕೈ ಎಂದಿನಂತೆ ತಾಳ ತಪ್ಪಿಸಲು ಹೊರಟಿತು, ಅವರು ಬಿಡಲಿಲ್ಲ. ಹಾಡು ಮುಗಿಯುವವರೆಗೂ ಬಾರಿಸಿದರು.

ಮಂಜು ತೆಳುವಾದಾಗ ಬದುವಿನ ಮೇಲೆ ಕೊಯ್ಲಿನ ಹೆಂಗಸರೂ ಗಂಗಾಧರಸ್ವಾಮಿಯವರೂ ನಿಂತಿದ್ದರು.

"ಗಿಣಿ ಕೂತಿರದು ಕಾಣ್ಲಿಲ್ವೇನಮ್ಮ?"

"ಕಾಣ್ತು ಸ್ವಾಮ್ಯೋರೆ."

"ಮತ್ಯಾಕೆ ಸುಮ್ನಿದ್ದೆ?"

"ಸುಮ್ನೆಲ್ಲಿದ್ದೆ? ಬಾರುಸ್ತಾ ಇದ್ನಲ್ಲ."

ಪುಟ್ಟಸಿದ್ದಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಗಂಗಾಧರಸ್ವಾಮಿ ನಗಲಿಲ್ಲ, ಬೈಯಲೂ ಇಲ್ಲ. ಗಿಳಿ ಕುಕ್ಕಿದ ತೆನೆಯೊಂದನ್ನು ತಿರುಗಿಸಿ ನೋಡಿ, "ಮುಂದ್ಲ ವರ್ಷ ನಿನ್ನ ಕರೀಬೇಕೋ ಬ್ಯಾಡ್ವೋ, ನೀನೇ ಹೇಳು," ಎಂದರು.

"ಕರೀರಿ. ಹೊಲ್ವೆಲ್ಲ ಒಂದ್ ಕಾಳೂ ಓಗ್ದಂಗೆ ಕಾಯ್ತೀನಿ. ಈ ಮೂಲೆ ಎರಡ್ ಸಾಲು ಮಾತ್ರ ಗಿಣಿಗೆ ಬುಟ್ಬುಡಿ. ಕೊಯ್ಲಿನ್ ದಿನ ಒಂದ್ಸಲ ಬಾರುಸ್ಕತೀನಿ."

"ನೋಡನ," ಎಂದಷ್ಟೇ ಹೇಳಿ ಅವರು ಹೋದರು. ಎರಡು ಸಾಲು ಸೂರ್ಯಕಾಂತಿಗೆ 'ನೋಡೋಣ' ಎನ್ನಬೇಕಾದ ನ್ಯಾಯ ಯಾವುದೆಂದು ಅವರವರ ಅಂತಃಸಾಕ್ಷಿಯೇ ಹೇಳಬೇಕು. ಚಿಕ್ಕಮಾದಮ್ಮನವರಿಗೆ ಆ ಬಗ್ಗೆ ಸಿಟ್ಟಿಲ್ಲ. ಮುಂದಿನ ಆಷಾಢದವರೆಗೆ ಕಾಯುವುದು ಅವರಿಗೆ ಹೊಸತೂ ಅಲ್ಲ. ಅಂದಿನ ಹಾಡು ತಪ್ಪಿಲ್ಲದೆ ಬಂತೇ ಎಂದು ಕೇಳಿದರೆ, ಅರಿಶಿನ ಹಿಡಿದ ಬೆರಳುಗಳನ್ನು ಒಂದಕ್ಕೊಂದು ಉಜ್ಜಿಕೊಳ್ಳುತ್ತಾರೆ.

"ಎರಡ್ ಕಡೆ ತಪ್ತು. ಅದು ಬುಡಿ. ಉಟ್ಟುದಾಗ್ಲಿಂದ ನನ್ ಸದ್ದು ಕೇಳುದ್ರೆ ಗಿಣಿಗಳು ಎದ್ದೋಗವು. ಅವತ್ತು ಹಾಡು ಮುಗಿಯಗಂಟ ಕೂತ್ಕಂಡ್ವು."