ಮದ್ದು ಮೊದಲೇ ಬರೆದ ದಿನ

ಮೊನ್ನೆ ಕೊಚ್ಚಿಯ ಸಣ್ಣ ಹೋಟೆಲೊಂದರಲ್ಲಿ ಊಟಕ್ಕೆ ಕುಳಿತಾಗ, ಪದಿಮುಗವೆಂಬ ಮರದ ಚಕ್ಕೆ ಹಾಕಿ ಕುದಿಸಿದ ಗುಲಾಬಿ ಬಣ್ಣದ ಬಿಸಿನೀರು ತಂದಿಟ್ಟರು. ಆವಿಯ ಜೊತೆ ನೆನೆದ ಮರದಂಥ ಆ ತೆಳು ವಾಸನೆ... ತಿರುವನಂತಪುರದ ಪಟ್ಟಂನಲ್ಲಿ ಮೂರನೇ ಮಹಡಿಯ ಒಂದು ಫ್ಲ್ಯಾಟು, ಅಲ್ಲಿದ್ದ ಟೀಚರ್ ನೆನಪಾದರು.

ಆಗ ನನಗೆ ಐವತ್ತೆಂಟು. ಕೊಚ್ಚಿಯ ಆಸ್ಪತ್ರೆಯೊಂದರಲ್ಲಿ ಹೆರಿಗೆ ಡಾಕ್ಟರ್, ಮೂರು ವರ್ಷಗಳಿಂದ ವಿಭಾಗದ ಹೆಡ್ ಕೂಡ. ಸಾಕಾಗಿತ್ತು. ರಾಜೀನಾಮೆ ಕೊಟ್ಟು ಡಾಕ್ಟರ್ ಕೆಲಸವನ್ನೇ ಬಿಟ್ಟುಬಿಡುವುದೆಂದು ನಿರ್ಧರಿಸಿದ್ದೆ. ಜೂನಿಯರ್ ಒಬ್ಬಳು, ಕೊಡುವ ಮೊದಲು ಒಮ್ಮೆ ಇವರನ್ನು ನೋಡಿ ಮ್ಯಾಡಂ ಎಂದು ಟೀಚರ್ ನಂಬರ್ ಕೊಟ್ಟಳು. ಶ್ರೀಕಾರ್ಯಂನ ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದ ಮೇಲೆ ಅವರು ಕೋಚಿಂಗ್ ಕಲಿತು, ಕೆಲಸ ಬದಲಿಸಲು ಹೊರಟ ಡಾಕ್ಟರುಗಳೊಡನೆ ಕುಳಿತು ಮಾತಾಡಿ, ಅವರ ದಾರಿ ಅವರೇ ಕಂಡುಕೊಳ್ಳಲು ನೆರವಾಗುತ್ತಿದ್ದರು. ನಮ್ಮ ಕಾಸರಗೋಡಿನವರೇ. ಡಾಕ್ಟರಿಗೂ ಕೋಚಾ, ಕ್ರಿಕೆಟ್ ಟೀಮಿಗೆ ಇದ್ದ ಹಾಗೆ, ಎಂದು ನಗುತ್ತಲೇ ಶನಿವಾರದ ರೈಲು ಹತ್ತಿದ್ದೆ.

ಟೀಚರ್ ಅದೇ ಗುಲಾಬಿ ಬಣ್ಣದ ನೀರು ಕೊಟ್ಟು, ಒಂದು ಬಿಳಿ ಹಾಳೆ ಮುಂದಿಟ್ಟು, ನನ್ನದೇ ಕೇಸ್ ಶೀಟ್ ಬರೆಯಲು ಹೇಳಿದರು. ಒಂದೇ ಸಾಲು ಬರೆದು ತಳ್ಳಿದೆ: ರಿಸೈನ್. ಇಮಿಡಿಯೆಟ್ಲಿ.

ಟೀಚರ್ ಕನ್ನಡಕ ಏರಿಸಿ ಓದಿದರು. "ಎಂತ ಡಾಕ್ಟ್ರೇ, ರೋಗ ಎಂತದ್ದು ಅಂತ ಬರೀಲೇ ಇಲ್ಲ, ಮದ್ದು ಮೊದಲೇ ಬರ್ದಿದ್ದೀರಲ್ಲ? ನಿಮ್ಮ ಜೂನಿಯರ್ ಹೀಗೆ ಬರೆದ್ರೆ ಬಿಡ್ತೀರಾ?"

ಬಿಡುತ್ತಿರಲಿಲ್ಲ. ವಾರ್ಡಿನಿಂದ ಹೊರಗೆ ಕಳಿಸುತ್ತಿದ್ದೆ. ಹಾಳೆ ವಾಪಸ್ ಎಳೆದುಕೊಂಡೆ. ಕಾನ್ವೆಂಟಿನ ಸಿಸ್ಟರುಗಳ ಕೈಯಲ್ಲಿ ಬೆಳೆದವಳು ನಾನು. ಸ್ವಂತ ಆಯಾಸದ ಬಗ್ಗೆ ಮಾತಾಡುವುದೆಂದರೆ ಬ್ಯಾಡ್ ಮ್ಯಾನರ್ಸ್. ಆ ದಿನ ಹೆಚ್ಚೇನೂ ಬರೆಯಲಾಗಲಿಲ್ಲ...

ಮತ್ತೂ ಮೂರು ಶನಿವಾರ ಹೋದೆ. ಯಾವಾಗಿನಿಂದ, ಯಾವಾಗ ಹೆಚ್ಚು, ಯಾವಾಗ ಕಡಿಮೆ ಎಂದು, ನಾನು ರೋಗಿಗಳನ್ನು ಕೇಳುವ ಹಾಗೆಯೇ ಅವರು ನನ್ನನ್ನು ಕೇಳಿದರು. ಸುಸ್ತು ಶುರುವಾದದ್ದು ಹೆರಿಗೆಗಳಿಂದಲ್ಲ, ಹೆಡ್ ಆದ ಮೇಲಿನ ಮೀಟಿಂಗು, ಡ್ಯೂಟಿ ಪಟ್ಟಿ, ಜಗಳಗಳಿಂದ ಎಂಬುದು ನನ್ನ ಕೈಬರಹದಲ್ಲೇ ಕಂಡಿತು. ಕಡಿಮೆಯಾದದ್ದು ಯಾವಾಗ? ಗರ್ಭಿಣಿಯ ಹೊಟ್ಟೆಯ ಮೇಲೆ ಕೈಯಿಟ್ಟು ಮಗುವಿನ ತಲೆ ಎಲ್ಲಿದೆಯೆಂದು ತಿಳಿಯುವುದನ್ನು ಹೊಸ ನರ್ಸುಗಳಿಗೆ ಕಲಿಸಿದ ಒಂದು ಮಧ್ಯಾಹ್ನ... ಅಂದು ಊಟ ಮರೆತದ್ದೂ ಗೊತ್ತಾಗಿರಲಿಲ್ಲ.

"ಹಾಗಾದ್ರೆ ನಾನೇನು ಮಾಡ್ಲಿ, ನೀವೇ ಹೇಳಿ ಟೀಚರ್," ಎಂದೆ.

"ಅದು ನಂಗೆ ಗೊತ್ತಿಲ್ಲ ಮಾರಾಯ್ರೆ. ನಂಗೆ ಕೇಳ್ಲಿಕ್ಕೆ ಮಾತ್ರ ಗೊತ್ತುಂಟು."

ಸಿಟ್ಟೇ ಬಂತು. ಆದರೆ ವಾಪಸಿನ ರೈಲು ಕೊಲ್ಲಂ ದಾಟುವಷ್ಟರಲ್ಲಿ ಬೇರೆಯೇ ಪತ್ರ ಬರೆದಿದ್ದೆ: ಹೆಡ್ ಹುದ್ದೆ ಬೇಡ, ನರ್ಸುಗಳಿಗೆ ಕಲಿಸುವ ಕೆಲಸ ಕೊಡಿ. ಕೊಟ್ಟರು. ಡಿಮೋಷನ್ ಎಂದು ಸಹೋದ್ಯೋಗಿಗಳು ಪಿಸುಗುಟ್ಟಿದರು. ಮೊದಲ ಆರು ತಿಂಗಳು, ನನ್ನ ಹಳೆಯ ಕೋಣೆಯ ಮುಂದೆ ಹಾದುಹೋಗುವಾಗ ಸ್ವಲ್ಪ ನೋಯುತ್ತಿತ್ತು ಕೂಡ.

ಈಗ ಎಪ್ಪತ್ತರ ಹತ್ತಿರ. ವಾರಕ್ಕೆ ಎರಡು ದಿನ ಇನ್ನೂ ಕಲಿಸುತ್ತೇನೆ. ಟೀಚರ್ ತೀರಿಕೊಂಡು ಎರಡು ವರ್ಷ. ಸುದ್ದಿ ನನಗೆ ತಲುಪಿದ್ದೇ ತಿಂಗಳು ಕಳೆದ ಮೇಲೆ. ನನ್ನ ಕ್ಲಾಸನ್ನು ಒಮ್ಮೆ ಬಂದು ನೋಡಿ ಎಂದು ಅವರನ್ನು ಕರೆಯಬೇಕೆಂದಿದ್ದೆ. ಮುಂದಿನ ಬ್ಯಾಚಿಗೆ, ಅದರ ಮುಂದಿನದಕ್ಕೆ ಎನ್ನುತ್ತಾ... ಕರೆಯಲೇ ಇಲ್ಲ.

ಸೋಮವಾರ ಹೊಸ ಹುಡುಗಿಯರು ಬರುತ್ತಾರೆ. ಮೊದಲ ದಿನ ಹೆದರಿಕೆಗೆ ಎಲ್ಲರ ಕೈಯೂ ತಣ್ಣಗಿರುತ್ತದೆ. ತಾಯಿಯ ಹೊಟ್ಟೆ ಮುಟ್ಟುವ ಮೊದಲು ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಳ್ಳಿ ಎಂದು ಹೇಳಬೇಕು.