ಹೊಲಕ್ಕೆ ಮುಖ ಮಾಡಿದ ತಂಗುದಾಣ

ಹಸಿ ಕಾಂಕ್ರೀಟಿಗೆ ಸುತ್ತಿದ ಒದ್ದೆ ಗೋಣಿಚೀಲದ ವಾಸನೆ ನಿಮಗೆ ಗೊತ್ತೋ ಇಲ್ಲವೋ. ಅತ್ತ ಮಣ್ಣಿನದೂ ಅಲ್ಲ, ಇತ್ತ ಸಿಮೆಂಟಿನದೂ ಅಲ್ಲ. ಮಳೆಯಲ್ಲಿ ನೆಂದ ಕುರಿಯ ವಾಸನೆಗೆ ಕೊಂಚ ಹತ್ತಿರ. ಇವತ್ತು ಬೆಳಿಗ್ಗೆ ಹಾರೋಹಳ್ಳಿಯ ನಮ್ಮ ಸೈಟಿನಲ್ಲಿ ಅದು ಮೂಗಿಗೆ ಬಡಿದದ್ದೇ ತಡ, ರಂಗಣ್ಣನವರ ನೆನಪಾಯಿತು. ಜೊತೆಗೆ ಎಂಟು ವರ್ಷದಿಂದ ಬಗೆಹರಿಯದ ಒಂದು ಗೊಂದಲವೂ ಎದ್ದು ಕೂತಿತು. ಅವರು ನನ್ನನ್ನು ಯಾಕೆ ಬೈಯಲಿಲ್ಲ?

ರಂಗಣ್ಣ ಮಾಗಡಿಯ ಸಣ್ಣ ಸರ್ಕಾರಿ ಗುತ್ತಿಗೆದಾರರು. ಚರಂಡಿ, ಅಂಗನವಾಡಿ, ಶಾಲೆಯ ಕಾಂಪೌಂಡು, ಹೀಗೆ ದೊಡ್ಡವರು ಮೂಸಿಯೂ ನೋಡದ ಕೆಲಸಗಳೇ ನಮ್ಮ ಪಾಲು. ಕಂಪನಿ ಎಂದರೆ ಅವರು, ಆಫೀಸು ನೋಡಿಕೊಳ್ಳುತ್ತಿದ್ದ ಅವರ ಹೆಂಡತಿ ಮಂಜುಳಕ್ಕ, ಮೇಸ್ತ್ರಿ ಚಿಕ್ಕಣ್ಣ, ಅವನ ಕಡೆಯ ಏಳೆಂಟು ಆಳು. ಆಮೇಲೆ, ಆಗತಾನೇ ಡಿಪ್ಲೊಮಾ ಮುಗಿಸಿ ಜೇಬಿಗೆ ಎರಡು ಪೆನ್ನು ಸಿಕ್ಕಿಸಿಕೊಂಡು ಬಂದಿದ್ದ ಇಂಜಿನಿಯರ್ ಸಾಹೇಬ ನಾನು. ಒಂದು ಪೆನ್ನು ಬರೆಯುತ್ತಿರಲಿಲ್ಲ.

ಅಲ್ಲೊಂದು ಪದ್ಧತಿಯಿತ್ತು. ಕಟ್ಟಿದ್ದನ್ನು ಕೆಡವಬೇಕಾಗಿ ಬಂದರೆ ಆ ದಿನ ಎಲ್ಲರೂ ಸೈಟಿಗೆ ಬರಬೇಕು, ಎಲ್ಲರೂ ಸುತ್ತಿಗೆ ಹಿಡಿಯಬೇಕು, ಯಾರ ತಪ್ಪು ಎಂದು ಯಾರೂ ಕೇಳಬಾರದು. ಮಧ್ಯಾಹ್ನ ಮಂಜುಳಕ್ಕನ ಮುದ್ದೆ, ಉಪ್ಸಾರು. ಇದೆಂಥ ಕಂಪನಿಯಪ್ಪ ಎಂದು ಮೊದಮೊದಲು ಒಳಗೊಳಗೇ ನಕ್ಕಿದ್ದೆ. ನಕ್ಕವನ ಸರದಿ ಬೇಗನೇ ಬಂತು.

ಸಾವನದುರ್ಗದ ದಾರಿಯ ಹಳ್ಳಿಯೊಂದರಲ್ಲಿ ಬಸ್ ತಂಗುದಾಣ ಕಟ್ಟಬೇಕಿತ್ತು. ಪಾಯಕ್ಕೆ ಸುಣ್ಣದ ಪುಡಿಯಲ್ಲಿ ಗುರುತು ಹಾಕಿದವನು ನಾನೇ. ಕಿವಿಗೆ ಫೋನು ಒತ್ತಿಕೊಂಡು ಗೆಳೆಯನ ಜೊತೆ ಹರಟುತ್ತ ನಕ್ಷೆಯನ್ನು ತಲೆಕೆಳಗಾಗಿ ಹಿಡಿದಿದ್ದೆ. ಗೋಡೆ ಎದೆಮಟ್ಟ ಏಳುವವರೆಗೂ ಯಾರೂ ತುಟಿ ಬಿಚ್ಚಲಿಲ್ಲ. ಕೊನೆಗೆ ಅಲ್ಲೇ ಬಸ್ಸಿಗೆ ಕಾಯುತ್ತಿದ್ದ ಅಜ್ಜಿಯೊಬ್ಬಳು ಕೇಳಿದಳು: "ಯಾಕಪ್ಪಾ, ಬಸ್ಸು ಇನ್ಮೇಲೆ ರಾಗಿ ಹೊಲದ್ ಮ್ಯಾಲೆ ಬತ್ತದಾ?"

ರಸ್ತೆಗೆ ಬೆನ್ನು, ಹೊಲಕ್ಕೆ ಮುಖ! ಚಿಕ್ಕಣ್ಣನನ್ನು ಪಕ್ಕಕ್ಕೆ ಕರೆದು ನೀನಾದರೂ ಹೇಳಬಾರದಿತ್ತೇ ಎಂದೆ. "ನಂಗೂ ಅನ್ಮಾನ ಬಂತು ಸಾ. ಓದ್ದೋರು ಹಾಕವ್ರೆ, ಏನೋ ಲೆಕ್ಕಾಚಾರ ಇರ್ತದೆ ಅಂತ ಸುಮ್ಕಾದೆ" ಎಂದ. ಓದಿದ್ದಕ್ಕೆ ನಾಚಿಕೆಯಾದದ್ದು ಅದೇ ಮೊದಲು.

ಮಾರನೆಯ ದಿನ ಎಲ್ಲರೂ ಸುತ್ತಿಗೆ ಹಿಡಿದು ಬಂದರು. ಧೂಳೆದ್ದು ಯಾವ ಮುಖ ಯಾರದೆಂದು ತಿಳಿಯದಂತಾಗಿದ್ದಾಗ ಇಲಾಖೆಯ ಇಂಜಿನಿಯರು ಜೀಪಿನಿಂದ ಇಳಿದರು. "ಯಾರ್ರೀ ಇದನ್ನ ಮಾರ್ಕ್ ಮಾಡಿದ್ದು? ಇಂಥೋರಿಗೆ ಮುಂದಿನ ಕೆಲಸ ಹೇಗ್ರೀ ಕೊಡೋದು?"

ಸುತ್ತಿಗೆಗಳು ನಿಂತವು. ನಾನು ಬಗ್ಗಿ ಗೋಡೆಯ ಚೂರು ಆರಿಸತೊಡಗಿದೆ. ರಂಗಣ್ಣ ಟವೆಲಿನಲ್ಲಿ ಮುಖ ಒರೆಸಿಕೊಂಡು, "ನಾನೇ ಸಾ. ಕನ್ನಡ್ಕ ತಂದಿರ್ನಿಲ್ಲ" ಎಂದರು. ನನಗೆ ಸಲ್ಲಬೇಕಾದ ಬೈಗುಳವನ್ನೆಲ್ಲ ನನ್ನ ಕಣ್ಣೆದುರೇ ಅವರು ತಲೆ ತಗ್ಗಿಸಿ ಕೇಳಿಸಿಕೊಂಡರು. ಊಟಕ್ಕೆ ಕೂತಾಗ ಮಂಜುಳಕ್ಕ, "ಯಾಕೆ ಹಿಂಗ್ ಸಪ್ಪಗಿದ್ದೀಯ? ಇನ್ನೊಸಿ ಇಕ್ಕುಸ್ಕೊ" ಎಂದು ಅರ್ಧ ಮುದ್ದೆ ತಟ್ಟೆಗೆ ಹಾಕಿದರು. ಅದನ್ನು ಮುಟ್ಟದೆ ಎದ್ದೆ.

ಸಂಜೆ ರಂಗಣ್ಣ ಬೈಯಬಹುದು ಎಂದುಕೊಂಡೆ. ಬೈಯಲಿಲ್ಲ. ವಾರ ಕಳೆಯಿತು, ತಿಂಗಳೂ ಕಳೆಯಿತು. ಅವರಿಗೆ ಗೊತ್ತೇ ಇಲ್ಲವೇ? ಗೊತ್ತಿದ್ದೂ ಇವನಿಗೇನು ಹೇಳುವುದು ಎಂದು ಕೈಬಿಟ್ಟರೇ? ಪ್ರೀತಿಯೋ, ತಾತ್ಸಾರವೋ? ಅವರು ನಗುತ್ತ ಮಾತಾಡಿಸಿದಷ್ಟೂ ನಾನು ತಪ್ಪಿಸಿಕೊಂಡು ಓಡಾಡಿದೆ. ಎರಡು ತಿಂಗಳಿಗೆ ಕಾರಣ ಹೇಳದೆ ಕೆಲಸ ಬಿಟ್ಟೆ. ಈಗಿರುವುದು ದೊಡ್ಡ ಕಂಪನಿ. ಇಲ್ಲಿ ನನ್ನ ತಪ್ಪು ನನ್ನ ಹೆಸರಿನ ಸಮೇತ ನಲವತ್ತು ಜನರಿಗೆ ಮೇಲ್ ಆಗುತ್ತದೆ. ವಿಚಿತ್ರವೆಂದರೆ ಅದೇ ನನಗೆ ಹಾಯೆನಿಸುತ್ತದೆ, ಬೈದರು, ಮುಗಿಯಿತು.

ಆ ವಾಸನೆಯ ದೆಸೆಯಿಂದ ಧೈರ್ಯ ಬಂತೋ ಏನೋ, ಇವತ್ತು ರಂಗಣ್ಣನವರಿಗೆ ಫೋನ್ ಮಾಡಿಯೇಬಿಟ್ಟೆ. ಕುಶಲ ಕೇಳಿ ಮುಗಿಯುವ ಮೊದಲೇ, "ಅಣ್ಣ, ಆ ತಂಗುದಾಣಕ್ಕೆ ಗುರುತು ಹಾಕಿದ್ದು ನಾನು ಅಂತ ನಿಮಗೆ ಗೊತ್ತಿತ್ತಾ?" ಎಂದೆ.

"ಗೊತ್ತಿಲ್ದೆ ಏನಪ್ಪಾ? ನಿಂಗೆ ಸುಣ್ಣದ್ ಪುಡಿ ಕಳ್ಸ್ಕೊಟ್ಟೋನೇ ನಾನು."

"ಮತ್ತೆ ಯಾಕೆ ಬೈಯಲಿಲ್ಲ?"

"ಬೈಯೋಕೇನೈತೆ, ಗ್ವಾಡೆ ಬಿದ್ದೋಗಿತ್ತಲ್ಲ" ಎಂದರು. ಆಮೇಲೆ ದನಿ ತಗ್ಗಿಸಿ ಕೇಳಿದರು: "ನಾನೊಂದ್ ಮಾತ್ ಕೇಳ್ಲಾ? ಯೋಳ್ದೆ ಕೇಳ್ದೆ ಕೆಲ್ಸ ಬುಟ್ಟೋದೆ. ನಿಮ್ಮಕ್ಕ ಇವತ್ಗೂ ಕೇಳ್ತಾಳೆ, ಆವತ್ತು ಊಟದ್ ಹೊತ್ನಾಗೆ ನಾನೇನಾರ ಅಂದ್ಬುಟ್ನಾ ಅಂತ. ನಮ್ ಕಡೆಯಿಂದ ಏನಾರ ತಪ್ಪಾಗಿತ್ತೇನಪ್ಪಾ?"

ಎಂಟು ವರ್ಷ ನಾನೊಬ್ಬನೇ ತಲೆ ಕೆಡಿಸಿಕೊಂಡಿದ್ದೇನೆ ಎಂದು ತಿಳಿದಿದ್ದೆ.

"ಇಲ್ಲಣ್ಣ, ತಪ್ಪು ನಂದು" ಎಂದೆ. "ಅಕ್ಕನ ಕೈಗೆ ಒಸಿ ಫೋನ್ ಕೊಡಿ."